ಬೆಣ್ಣೆಹಳ್ಳದ ಬಯಲಿನಲ್ಲಿ ಸ್ತ್ರೀಯರ ಕೈಗುಣವೂ ಸ್ವಂತ ಉದ್ಯಮವೂ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿಗೆ ಸೇರಿದ ಯಮನೂರು ಬೆಣ್ಣೆಹಳ್ಳದ ದಂಡೆಯ ಮೇಲಿರುವ ಗ್ರಾಮ. ರಾಜಾಬಾಗಸವಾರನೆಂದು ಮುಸಲ್ಮಾನರೂ ಚಾಂಗದೇವನೆಂದು ಹಿಂದೂಗಳೂ ನಡೆದುಕೊಳ್ಳುವ ಸತ್ಪುರುಷನ ಸನ್ನಿಧಿಯಿಂದ ಆ ಊರು ನಾಡಿಗೆ ಪರಿಚಿತವಾಗಿದೆ. ಫಾಲ್ಗುಣ ಮಾಸದ ಜಾತ್ರೆಗೆ ಉಭಯ ಮತದವರೂ ನೆರೆಯುವರು. ಶಿಗ್ಗಾವಿಯ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಎರೆಯ ಬಯಲಿನಲ್ಲಿ ಉತ್ತರಾಭಿಮುಖವಾಗಿ ಹರಿದು ಮಲಪ್ರಭೆಯನ್ನು ಕೂಡುವ ಈ ಹಳ್ಳವು ಬೇಸಿಗೆಯಲ್ಲಿ ಬಡಕಲು, ಮಳೆಗಾಲದಲ್ಲಿ ಭಯಂಕರ. ಅದರ ಇಕ್ಕೆಲದ ಕರಿಯ ನೆಲದಲ್ಲಿ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ, ಹತ್ತಿ, ಮೆಣಸಿನಕಾಯಿಗಳು ಬೆಳೆಯುತ್ತವೆ. ಈ ಬಯಲಿನ ದುಡಿಮೆಯಲ್ಲಿ ಸ್ತ್ರೀಯರಿಗಿರುವ ಕೆಲವು ಸಾಮರ್ಥ್ಯಗಳು ಬಹುಕಾಲ ಬೆಲೆಯಿಲ್ಲದೆ ಇದ್ದು, ಈಚೆಗೆ ಒಂದೆರಡು ಕಡೆಯಲ್ಲಾದರೂ ಅವರದೇ ಉದ್ಯಮಕ್ಕೆ ಮೂಲಧನವಾದ ಬಗೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಶಬ್ದಗಳನ್ನು ಗಮನಿಸತಕ್ಕದ್ದು. ಬಡಿಗನ, ಕಮ್ಮಾರನ, ನೇಕಾರನ ಕೆಲಸಕ್ಕೆ ಜನರು ಕಸುಬು ಎನ್ನುತ್ತಾರೆ. ಅರಬ್ಬೀ ಮೂಲದ ಈ ಶಬ್ದದಲ್ಲಿ ಗಳಿಕೆಯ ಅರ್ಥವೇ ಅಡಗಿದೆ. ಕಸುಬನ್ನು ಕಲಿಯಬೇಕು, ಕಲಿಸಬೇಕು, ಅದಕ್ಕೆ ದರ ಉಂಟು. ರೊಟ್ಟಿಯನ್ನು ಹರಿಯದಂತೆ ತೆಳ್ಳಗೆ ಬಡಿಯುವವಳ, ಕಾಳನ್ನು ಒಂದು ಕಲ್ಲೂ ಉಳಿಯದಂತೆ ಹಸನು ಮಾಡುವವಳ, ಬಿತ್ತಿದ್ದೆಲ್ಲ ಮೊಳೆಯುವಂತೆ ಬೀಜವನ್ನು ಆರಿಸಿಡುವವಳ ವಿಷಯದಲ್ಲಿಯಾದರೋ, ಅವಳ ಕೈಗುಣ ಒಳ್ಳೆಯದು ಎಂಬ ಮಾತು ಬರುತ್ತದೆ. ಹೊಗಳಿಕೆಯೇನೋ ಹೌದು. ಆದರೆ ಗುಣವೆಂದ ಮೇಲೆ ಅದು ಹುಟ್ಟಿನೊಡನೆ ಬಂದದ್ದು. ಹುಟ್ಟಿನೊಡನೆ ಬಂದದ್ದಕ್ಕೆ ಕೂಲಿಯನ್ನು ಯಾರೂ ಹೆಚ್ಚಿಸಿ ಕೊಡುವುದಿಲ್ಲ. ವರ್ಷಗಟ್ಟಲೆ ತಾಯಿಯ ಮಗ್ಗುಲಲ್ಲಿ ಕುಳಿತು ಕಣ್ಣನ್ನೂ ಬೆರಳನ್ನೂ ಪಳಗಿಸಿಕೊಂಡ ವಿದ್ಯೆಯು ಹೀಗೆ ಒಂದು ಶಬ್ದದ ಮರೆಯಲ್ಲಿ ವಿದ್ಯೆಯೆನ್ನಿಸಿಕೊಳ್ಳದೆ ಹೋಯಿತು.

ಕನ್ನಡದಲ್ಲಿ ಇದು ಯಾವಾಗಲೂ ಹೀಗೆಯೇ ಇದ್ದಿತೆನ್ನಲಾಗದು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ ಮುಂತಾದವರ ಹೆಸರುಗಳನ್ನು ನೋಡಿರಿ: ನೂಲುವುದು, ಭತ್ತ ಕುಟ್ಟುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಇವೆಲ್ಲ ಅಲ್ಲಿ ಹೆಸರಿನ ಭಾಗವೇ ಆಗಿ, ಕಾಯಕದ ಗೌರವವನ್ನು ಪಡೆದಿವೆ. ಮುಂದಿನ ಕಾಲದಲ್ಲಿ ಆ ಕೆಲಸಗಳು ಉಳಿದವು, ಹೆಸರು ಉಳಿಯಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿ ಬೀಸುವ ಕಲ್ಲಿನ ಮುಂದಿನ ಕವಿತ್ವವನ್ನು ವಿದ್ವಾಂಸರ ಕಣ್ಣಿಗೆ ತಂದುದು ಮಹೋಪಕಾರವೇ ಸರಿ. ಆದರೆ ಬೀಸುವಾಗ ಒಂದು ಹಿಡಿಗೆ ಎಷ್ಟು ಕಾಳು, ಜೋಳಕ್ಕೆ ಕಲ್ಲಿನ ಸಂದು ಎಷ್ಟು, ಬೇಳೆ ಒಡೆಯುವುದಕ್ಕೆ ಎಷ್ಟು ಎಂಬುದನ್ನು ಬರೆದಿಟ್ಟವರು ವಿರಳ. ಹಾಡಿಗೆ ಸಂಗ್ರಾಹಕರು ದೊರೆತಂತೆ ಬೀಸುವಿಕೆಗೆ ದೊರೆಯಲಿಲ್ಲ. ಸಾಹಿತ್ಯವನ್ನು ಬೋಧಿಸುವವರು ಯೋಚಿಸತಕ್ಕ ವಿಷಯವಿದು.

ಹೊಲದ ಕೆಲಸವನ್ನೇ ತೆಗೆದುಕೊಳ್ಳಬಹುದು. ಕೂರಿಗೆಯನ್ನು ಹೂಡುವವನು ಗಂಡಸು; ಅದರ ಹಿಂದೆ ಬಿದಿರಿನ ಕೊಳವೆಯನ್ನು ಹಿಡಿದು ಅಕ್ಕಡಿಯ ಬೀಜವನ್ನು ಬಿಡುತ್ತ ಬರುವವಳು ಹೆಂಗಸು. ಎತ್ತಿನ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿ, ಮುಷ್ಟಿಯಿಂದ ಕಾಳುಗಳನ್ನು ಸಮನಾಗಿ ಜಾರಿಸಬೇಕು. ಹೆಚ್ಚಾದರೆ ಪೈರು ಒತ್ತಾಗುವುದು, ಕಡಿಮೆಯಾದರೆ ಸಾಲು ಬಿಟ್ಟುಹೋಗುವುದು. ಸುಗ್ಗಿಗೆ ಮುಂಚೆಯೇ ಹೊಲದಲ್ಲಿ ತಿರುಗಿ ರೋಗವಿಲ್ಲದ, ಕಾಳು ತುಂಬಿದ ತೆನೆಗಳನ್ನು ಗುರುತಿಸಿ ಬೇರೆ ತೆಗೆಯುವುದು, ಒಣಗಿಸುವುದು, ಬೂದಿಯನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿ ಮೆತ್ತುವುದು, ತೊಗರಿಯಂಥ ಕಾಳಿಗೆ ಕೆಮ್ಮಣ್ಣು ಕಟ್ಟುವುದು ಇವೆಲ್ಲ ಮನೆಯ ಹಿರಿಯ ಹೆಂಗಸಿನ ಪಾಲು. ಬೂದಿಯು ಕಾಳಿನ ತೇವವನ್ನು ಹೀರಿ ಹುಳುವಿನ ಸಂಚಾರಕ್ಕೆ ಅಡ್ಡಿಯಾಗುವುದೆಂದು ಶಾಸ್ತ್ರಜ್ಞರು ಈಗ ಹೇಳುವರು. ಕಾಳು ಒಣಗಿತೋ ಇಲ್ಲವೋ ಎಂಬುದನ್ನು ಆಕೆ ಹಲ್ಲಿನಿಂದ ಕಡಿದು, ಸದ್ದನ್ನು ಕೇಳಿ ನಿರ್ಣಯಿಸುವಳು. ಹೊಲದ ಉತಾರದಲ್ಲಿ ಸಾಮಾನ್ಯವಾಗಿ ಆಕೆಯ ಹೆಸರು ಇಲ್ಲ. ಒಕ್ಕಲಿಗನೆಂದು ಕರೆಯಿಸಿಕೊಳ್ಳುವವನು ಆಕೆಯ ಗಂಡ.

ಈ ವಿದ್ಯೆಯು ಕೈತಪ್ಪಿದರೆ ಏನಾಗುವುದೆಂಬುದಕ್ಕೆ ಹತ್ತಿಯ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸರಕಾರವು ಅಮೇರಿಕದ ಹತ್ತಿಯನ್ನು ಧಾರವಾಡ ಪ್ರಾಂತದಲ್ಲಿ ಹಬ್ಬಿಸಿತು. ಅದಕ್ಕೆ ಮುಂಚೆ ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆಯಾದ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಕಡ್ಡಿಯನ್ನು ಪಾದದಿಂದ ಉರುಳಿಸಿ ಅರಳೆಯಿಂದ ಕಾಳನ್ನು ಬೇರ್ಪಡಿಸುತ್ತಿದ್ದರು. ಕೆಲಸವು ನಿಧಾನ, ಕೂಲಿಯು ಅಲ್ಪ. ಆದರೆ ಕಾಳು ಒಡೆಯುತ್ತಿರಲಿಲ್ಲ, ಒಬ್ಬರ ಹೊಲದ ಬೀಜವು ಅವರ ಮನೆಯಲ್ಲಿಯೇ ನಿಲ್ಲುತ್ತಿತ್ತು. ಯಂತ್ರದ ಕಾರಖಾನೆಗಳು ಬಂದ ಮೇಲೆ ನಾನಾ ಊರುಗಳ, ನಾನಾ ಜಾತಿಯ ಹತ್ತಿಯು ಒಂದೇ ಕಡೆ ಬಿದ್ದು ಬೀಜಗಳು ಬೆರೆತುಹೋದವು. ಬೆರಕೆಯಾದ ಹತ್ತಿಯ ದೂರು ಮುಂಬಯಿ ಇಲಾಖೆಯ ವ್ಯಾಪಾರಿಗಳಲ್ಲಿ ಬಹುಕಾಲ ನಿಲ್ಲಲಿಲ್ಲ. ಪಾದದಿಂದ ಕಡ್ಡಿಯನ್ನು ಉರುಳಿಸುತ್ತಿದ್ದವಳು ಕೂಲಿಗಾರ್ತಿ ಮಾತ್ರವಾಗಿರದೆ ಬೀಜದ ಕಾವಲುಗಾರ್ತಿಯೂ ಆಗಿದ್ದಳೆಂಬುದು ಆಕೆ ಹೋದ ಮೇಲೆ ತಿಳಿದುಬಂದಿತು.

ಮೆಣಸಿನಕಾಯಿಯ ಕೆಲಸವು ಇಂದಿಗೂ ಕಾಣುವ ಉದಾಹರಣೆ. ಕುಂದಗೋಳದ ಸೀಮೆಯಲ್ಲಿ ಬೆಳೆಯುವ ಕಾಯಿಯು ಬ್ಯಾಡಗಿಯ ಹೆಸರಿನಿಂದ ಮಾರಾಟವಾಗುವುದು. ಅದರ ಕೀರ್ತಿಯೆಲ್ಲ ಕೆಂಪು ಬಣ್ಣದ್ದು, ಖಾರದ್ದಲ್ಲ. ತೊಟ್ಟು ಬಿಡಿಸುವ, ಡಬ್ಬಿ ಕಡ್ಡಿ ಎಂಬ ಬಗೆಗಳನ್ನೂ ಬಣ್ಣಗೆಟ್ಟ ಕಾಯನ್ನೂ ಬೇರ್ಪಡಿಸುವ ಕೆಲಸಕ್ಕೆ ಕುಳಿತವರೆಲ್ಲ ಹೆಂಗಸರು. ಕಾಯಿಯ ದರವನ್ನು ನಿಶ್ಚಯಿಸುವುದು ಬಣ್ಣ, ಬಣ್ಣವನ್ನು ನಿಶ್ಚಯಿಸುವುದು ಅವರ ಕಣ್ಣು; ಅವರ ಕೂಲಿಯಾದರೋ ತೂಕದ ಮೇಲೆ. ನೋಟದ ಸೂಕ್ಷ್ಮತೆಗೆ ತಕ್ಕಡಿಯಲ್ಲಿ ಸ್ಥಾನವಿಲ್ಲ.

ಇಂಥ ಸಾಮರ್ಥ್ಯವು ಆಸ್ತಿಯೆಂಬುದನ್ನು ಹಿಂದೆಯೇ ಕಂಡುಕೊಂಡವರು ನವಲಗುಂದದ ಜಮಖಾನೆಯ ಮನೆತನದವರು. ಬಿಜಾಪುರದ ಜಮಖಾನ ಗಲ್ಲಿಯಿಂದ ಆದಿಲಶಾಹಿಯ ಕಾಲದಲ್ಲಿ ಬಂದು ನೆಲಸಿದವರೆಂದು ಅವರ ಐತಿಹ್ಯ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಮನೆಯ ಹೆಂಗಸರೇ ಕುಳಿತು, ಬಣ್ಣದ ಹತ್ತಿಯ ನೂಲನ್ನು ಬೆರಳಿನಿಂದ ಪೋಣಿಸಿ, ಹಲ್ಲುಳ್ಳ ಕಬ್ಬಿಣದ ಪಂಜದಿಂದ ಬಡಿದು ಗಟ್ಟಿಮಾಡುವರು. ನವಿಲು, ಪಗಡೆಯ ಹಾಸು ಮುಂತಾದ ಚಿತ್ರಗಳನ್ನು ಕಾಗದದ ಮೇಲೆ ಬರೆದುಕೊಳ್ಳುವ ರೂಢಿಯಿಲ್ಲ. ಎಳೆಯ ಲೆಕ್ಕವೆಲ್ಲ ನೆನಪಿನಲ್ಲಿ. ಹೆಣ್ಣುಮಕ್ಕಳು ಮದುವೆಯಾಗಿ ಹೊರಮನೆಗೆ ಹೋಗುವವರೆಂದು ಅವರಿಗೆ ಈ ನೇಯ್ಗೆಯನ್ನು ಕಲಿಸದೆ ಸೊಸೆಯರಿಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಕೈಗುಣವನ್ನು ಹುಟ್ಟಿನ ಗುಣವೆಂದು ನಂಬಿದವರು ಅದಕ್ಕೆ ಇಂಥ ಬೀಗವನ್ನು ಹಾಕುತ್ತಿರಲಿಲ್ಲ.

ಬೀಗದಿಂದ ಗುಟ್ಟು ಉಳಿಯಿತು, ನೇಯುವವರ ಸಂಖ್ಯೆ ಮಾತ್ರ ಇಳಿಯುತ್ತ ಬಂದಿತು. ನವಲಗುಂದದ ಜಮಖಾನೆಗೆ ಭೌಗೋಳಿಕ ಸಂಕೇತದ ಕಾನೂನಿನ ರಕ್ಷಣೆ ದೊರೆತಿದೆ. ಬೇರೆಲ್ಲಿಯೋ ಯಂತ್ರದಲ್ಲಿ ನೇಯ್ದುದನ್ನು ಆ ಹೆಸರಿನಿಂದ ಮಾರುವಂತಿಲ್ಲ. ಆದರೆ ಈ ರಕ್ಷಣೆಯು ಊರಿನ ಹೆಸರಿಗೆ. ನೇಯ್ದವಳ ಕೂಲಿಗೆ ಅದು ತಾನಾಗಿಯೇ ಮುಟ್ಟುವುದಿಲ್ಲ. ನೂಲನ್ನು ತಂದುಕೊಡುವವನೊಬ್ಬ, ಅಳತೆಗೆ ಹಣ ಕೊಡುವವನೊಬ್ಬ, ಪೇಟೆಯಲ್ಲಿ ಮಾರುವವನೊಬ್ಬನಾದರೆ ನಡುವೆ ಕುಳಿತು ನೇಯುವವಳು ತನ್ನ ಮನೆಯಲ್ಲಿಯೇ ಕೂಲಿಗಾರ್ತಿ. ಉದ್ಯಮವೆಂಬುದು ಕೌಶಲದಿಂದ ಮಾತ್ರ ಹುಟ್ಟುವುದಿಲ್ಲ; ಸರಕನ್ನು ಕೊಳ್ಳುವ, ದರವನ್ನು ಹೇಳುವ ಅಧಿಕಾರವೂ ಅದೇ ಕೈಗೆ ಬರಬೇಕು. ಅದಕ್ಕೆ ಹಣ ಬೇಕು.

ಹಣದ ಮಾತಿಗೆ ಬಂದರೆ ಈ ಸೀಮೆಯು ಹಿಂದುಳಿದದ್ದೇನೂ ಅಲ್ಲ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಹಕಾರಿ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಪ್ರಖ್ಯಾತವಾಗಿದೆ. ಆದರೆ ಅಂಥ ಸಂಘಗಳು ಹೊಲವುಳ್ಳ ಒಕ್ಕಲಿಗನನ್ನು ಕಣ್ಣೆದುರಿಗೆ ಇಟ್ಟುಕೊಂಡು ಹುಟ್ಟಿದವು; ಉತಾರದಲ್ಲಿ ಹೆಸರಿಲ್ಲದವಳಿಗೆ ಪತ್ತು ಎಲ್ಲಿಯದು? 1980ರ ದಶಕದಲ್ಲಿ ಮೈರಾಡ ಮೊದಲಾದ ಸಂಸ್ಥೆಗಳು ಕರ್ನಾಟಕದಲ್ಲಿ ಕಟ್ಟಿದ ಸಣ್ಣ ಸಂಘಗಳು ಬೇರೆ ಹಾದಿಯನ್ನು ತೋರಿಸಿದವು: ಸದಸ್ಯೆಯರು ವಾರವಾರವೂ ಕೂಡಿಸಿದ ಉಳಿತಾಯವೂ ಪರಸ್ಪರರ ನಂಬಿಕೆಯೂ ಅಡವಿನ ಸ್ಥಾನದಲ್ಲಿ ನಿಂತವು. 1992ರಲ್ಲಿ ನಬಾರ್ಡು ಇಂಥ ಸಂಘಗಳಿಗೆ ಬ್ಯಾಂಕುಗಳ ಸಂಬಂಧವನ್ನು ಕಲ್ಪಿಸಿತು. ಇದಾದ ಮೇಲೆಯೇ ಹೊಲವಿಲ್ಲದವಳು ಸರಕಿಗೆ ಮುಂಗಡ ಕೊಡುವ ಸ್ಥಿತಿ ಬಂದುದು.

ಈ ಎಲ್ಲ ಎಳೆಗಳೂ ಕೂಡಿಬಂದ ಸ್ಥಳವು ಬೆಣ್ಣೆಹಳ್ಳದ ಮೇಲುಭಾಗದ ಕುಂದಗೋಳ ತಾಲೂಕಿನ ತೀರ್ಥ ಗ್ರಾಮ. ಅಲ್ಲಿಯ ಬೀಬಿ ಫಾತಿಮಾ ಸ್ವಸಹಾಯ ಸಂಘವು 2018ರಲ್ಲಿ ಆರಂಭವಾಯಿತು. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ಸದಸ್ಯೆಯರು ಜವಾರಿ ಬೀಜಗಳನ್ನು ಹುಡುಕಿ ತಂದು ಸಮುದಾಯ ಬೀಜ ಬ್ಯಾಂಕನ್ನು ನಡೆಯಿಸಿದರು. ನವಣೆ, ಸಾವೆ, ಊದಲು, ಬರಗು ಮುಂತಾದ ಕಿರುಧಾನ್ಯಗಳ ಸಾಗುವಳಿಯನ್ನು ಸುತ್ತಲಿನ ಹಳ್ಳಿಗಳಲ್ಲಿ ಮತ್ತೆ ಹಬ್ಬಿಸಿದರು. ಸೆಲ್ಕೋ ಪ್ರತಿಷ್ಠಾನದ ನೆರವಿನಿಂದ ಸೌರಶಕ್ತಿಯ ಸಂಸ್ಕರಣ ಘಟಕವೂ ಬಂದಿತು. 2025ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಸಾರಿದ ಈಕ್ವೇಟರ್ ಪ್ರಶಸ್ತಿಯ ಹತ್ತು ಸಂಘಗಳಲ್ಲಿ ಇದೂ ಒಂದು. ಬಹುಮಾನದ ಹಣ 10,000 ಡಾಲರು.

ಪ್ರಶಸ್ತಿಗಿಂತಲೂ ವಿಚಾರಾರ್ಹವಾದುದು ಅದಕ್ಕೆ ಆಧಾರವಾದ ಕೆಲಸ. ಕಿರುಧಾನ್ಯಗಳ ಹೊಟ್ಟು ಗಟ್ಟಿ, ಕಾಳು ಸಣ್ಣದು. ಹಿಂದೆ ಹೆಂಗಸರು ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ ಅಕ್ಕಿ ಮಾಡುತ್ತಿದ್ದರು. ಆ ಶ್ರಮಕ್ಕೆ ಹೆದರಿಯೇ ಅನೇಕ ಮನೆಗಳಲ್ಲಿ ನವಣೆ ಸಾವೆಗಳು ತಪ್ಪಿಹೋದವು. ಯಂತ್ರವು ಕುಟ್ಟುವ ಶ್ರಮವನ್ನು ಮಾತ್ರ ತಪ್ಪಿಸುತ್ತದೆ. ಕಾಳು ಹಸಿಯಾಗಿದ್ದರೆ ಹೊಟ್ಟು ಬಿಡದು, ಅತಿಯಾಗಿ ಒಣಗಿದ್ದರೆ ನುಚ್ಚಾಗುವುದು, ಕಲ್ಲು ಉಳಿದಿದ್ದರೆ ಕೊಂಡವರು ಮತ್ತೆ ಬರಲಾರರು. ಯಾವ ರಾಶಿಯನ್ನು ಇಂದು ಹಾಕಬೇಕು, ಯಾವುದನ್ನು ಇನ್ನೊಂದು ಬಿಸಿಲಿಗೆ ಬಿಡಬೇಕು, ಯಾವುದನ್ನು ಬೀಜಕ್ಕೆ ಎತ್ತಿಡಬೇಕು ಎಂಬ ನಿರ್ಣಯವು ಹಿಂದೆ ಗಡಿಗೆಯ ಮುಂದೆ ಕುಳಿತು ಕಾಳನ್ನು ಕಡಿದು ನೋಡುತ್ತಿದ್ದವಳದೇ. ಹೊಟ್ಟಿನ ಸಮೇತ ಮಾರಿದ ಧಾನ್ಯಕ್ಕೂ ಹಸನಾದ ಅಕ್ಕಿಗೂ ಇರುವ ದರದ ಅಂತರವೆಂದರೆ ಬಹುಮಟ್ಟಿಗೆ ಈ ನಿರ್ಣಯದ ಬೆಲೆಯೇ. ಮೊದಲು ಅದು ಪೇಟೆಯ ವರ್ತಕನಿಗೆ ಸಲ್ಲುತ್ತಿತ್ತು. ಘಟಕವು ಸಂಘದ್ದಾದ ಮೇಲೆ ಸಂಘಕ್ಕೆ ಸಲ್ಲುತ್ತದೆ.

ನವಲಗುಂದದ ರೀತಿಗೂ ತೀರ್ಥದ ರೀತಿಗೂ ಒಂದು ಭೇದವುಂಟು. ಜಮಖಾನೆಯ ವಿದ್ಯೆಯನ್ನು ಮುಚ್ಚಿ ಕಾಯ್ದರು. ಬೀಜವನ್ನು ಮುಚ್ಚಿಟ್ಟರೆ ಎರಡು ಮೂರು ವರ್ಷಗಳಲ್ಲಿ ಮೊಳೆಯುವ ಶಕ್ತಿಯೇ ಕುಂದುವುದು, ಅದನ್ನು ಹಂಚಿಯೇ ಕಾಯಬೇಕು. ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದೊಪ್ಪಿಸುವ ಪದ್ಧತಿಯು ಇಂಥ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿದೆ. ಮನೆಮನೆಗಳ ನಡುವೆ ಹೆಂಗಸರು ಮೊರದ ಮರೆಯಲ್ಲಿ ಮಾಡಿಕೊಳ್ಳುತ್ತಿದ್ದ ಕಡವೇ ಇಲ್ಲಿ ಲೆಕ್ಕದ ಪುಸ್ತಕಕ್ಕೆ ಏರಿದೆಯೆನ್ನಬಹುದು.

ಅಡಚಣೆಗಳೂ ಇಲ್ಲದಿಲ್ಲ. ಕಿರುಧಾನ್ಯದ ಬೇಡಿಕೆಯು ಪಟ್ಟಣದವರ ಅಭಿರುಚಿಯನ್ನು ಅವಲಂಬಿಸಿದೆ. 2023ನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಆಚರಿಸಿದಾಗಿನ ಉತ್ಸಾಹವು ಪ್ರತಿವರ್ಷವೂ ಬರುವಂಥದಲ್ಲ. ಬೀಜದ ವ್ಯಾಪಾರಕ್ಕೆ ಕಾನೂನಿನ ಮಿತಿಯೂ ಉಂಟು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಅಧಿನಿಯಮವು ರೈತರು ತಮ್ಮ ಬೀಜವನ್ನು ಕೂಡಿಡುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಆದರೆ ಆ ಅಧಿನಿಯಮದಂತೆ ರಕ್ಷಿತವಾದ ತಳಿಯ ಬೀಜವನ್ನು ಮುದ್ರೆಯ ಹೆಸರು ಹಚ್ಚಿ ಮಾರುವ ಹಕ್ಕನ್ನು ಕೊಟ್ಟಿಲ್ಲ. ಅದೇ ಅಧಿನಿಯಮದ ಎರಡನೆಯ ಪ್ರಕರಣದಲ್ಲಿ ರೈತ ಎಂಬ ಶಬ್ದದ ವ್ಯಾಖ್ಯೆಯಿದೆ. ಉಳುವವನೂ ಉಳಿಸುವವನೂ ಮಾತ್ರವಲ್ಲದೆ, ಸಾಂಪ್ರದಾಯಿಕ ತಳಿಗಳನ್ನು ಕಾಯ್ದಿಡುವವರು, ಅವುಗಳ ಉಪಯುಕ್ತ ಗುಣಗಳನ್ನು ಗುರುತಿಸಿ ಆರಿಸುವ ಮೂಲಕ ಅವುಗಳ ಬೆಲೆಯನ್ನು ಹೆಚ್ಚಿಸುವವರು ಕೂಡ ಅಲ್ಲಿ ರೈತರೆನ್ನಿಸಿಕೊಳ್ಳುತ್ತಾರೆ. ಯಮನೂರಿನ ಎರೆಯಲ್ಲಿ ಹಿಂಗಾರಿ ಬಿತ್ತಿಗೆಗಾಗಿ ಜೋಳದ ತೆನೆಯನ್ನು ಆರಿಸಿಡುವವಳಿಗೂ ತೀರ್ಥದಲ್ಲಿ ಸಾವೆಯನ್ನು ಕಾಯ್ದಿಟ್ಟವಳಿಗೂ ಈ ವ್ಯಾಖ್ಯೆಯು ಸಲ್ಲುತ್ತದೆ, ಉತಾರದಲ್ಲಿ ಅವರ ಹೆಸರು ಇರಲಿ, ಇಲ್ಲದಿರಲಿ.