ವಿಮಾನದ ಇಂಧನ ಪಂಪು: ಆಯ್ಕೆಯ ವಿಚಾರ



ಕುಮಟಾ ತಾಲ್ಲೂಕಿನ ಹಿರೇಗುತ್ತಿಯಂತಹ ಊರುಗಳಲ್ಲಿ ತೋಟದ ಬಾವಿಗೆ ಪಂಪು ಹೂಡಿದವರು ಒಂದು ಸಂಗತಿಯನ್ನು ಬಲ್ಲರು. ದಂಡೆಯ ಮೇಲಿಟ್ಟ ಪಂಪು, ಮಳೆಗಾಲ ಮುಗಿದ ಹೊಸದರಲ್ಲಿ ಧಾರಾಳವಾಗಿ ನೀರೆತ್ತುತ್ತದೆ. ಬೇಸಗೆಯಲ್ಲಿ ನೀರು ಸುಮಾರು 25 ಅಡಿಗಿಂತ ಕೆಳಗಿಳಿಯಿತೆಂದರೆ, ಇಂಜಿನು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಪಂಪು ನೀರನ್ನು ಎಳೆಯುತ್ತದೆಂಬುದು ಮಾತಿನ ರೂಢಿ ಮಾತ್ರ. ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ಗಾಳಿ. ಗಾಳಿಯ ಬಲಕ್ಕೆ ಮಿತಿಯುಂಟು. ತಾವೇ ವಿಮಾನವನ್ನು ಕಟ್ಟಿಕೊಳ್ಳಬಯಸುವವರು ಇಂಧನ ಪಂಪನ್ನು ಆರಿಸುವಾಗ ಮೊದಲು ನೆನೆಯಬೇಕಾದ ಪಾಠವೂ ಇದೇ.

ಸ್ವಂತ ಕಾರ್ಯಾಗಾರದಲ್ಲಿ ಕಟ್ಟತಕ್ಕ ವಿಮಾನವು ನಮ್ಮ ನಾಡಿಗೆ ಅಪರಿಚಿತವಲ್ಲ. ಅಂತಹ ಹವ್ಯಾಸಿಗಳಿಗಾಗಿ ಅಮೆರಿಕದ ಬರ್ಟ್ ರೂಟಾನ್ ಅವರು ರಚಿಸಿದ ಲಾಂಗ್ ಈಜಿ ಎಂಬ ವಿನ್ಯಾಸವನ್ನು ಅನುಸರಿಸಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಲಘು ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಈ ವಿನ್ಯಾಸದಲ್ಲಿ ಪೆಟ್ರೋಲಿನ ತೊಟ್ಟಿಗಳು ರೆಕ್ಕೆಯ ಬುಡದಲ್ಲಿ ತಗ್ಗಿನಲ್ಲಿರುತ್ತವೆ. ಇಂಜಿನು ಹಿಂದುಗಡೆ ಇರುತ್ತದೆ. ಪೆಟ್ರೋಲು ತಾನಾಗಿ ಹರಿದು ಇಂಜಿನನ್ನು ಸೇರಲಾರದು. ಆದುದರಿಂದ ಇಂಜಿನಿನಿಂದಲೇ ನಡೆಯುವ ಒಂದು ಪಂಪೂ, ಅದಕ್ಕೆ ಆಸರೆಯಾಗಿ ವಿದ್ಯುತ್ತಿನಿಂದ ನಡೆಯುವ ಇನ್ನೊಂದು ಪಂಪೂ ಬೇಕಾಗುತ್ತವೆ.

ಎಲ್ಲ ವಿಮಾನಕ್ಕೂ ಪಂಪು ಬೇಕೆಂದಲ್ಲ. ರೆಕ್ಕೆ ತಲೆಯ ಮೇಲಿದ್ದು, ತೊಟ್ಟಿಯೂ ಅಲ್ಲಿಯೇ ಇದ್ದರೆ ಗುರುತ್ವವೇ ಸಾಕಾಗಬಹುದು. ಮೂರೂಕಾಲು ಅಡಿ ಎತ್ತರದ ಪೆಟ್ರೋಲಿನ ಸ್ತಂಭವು ಚದರ ಅಂಗುಲಕ್ಕೆ ಸುಮಾರು 1 ಪೌಂಡು ಒತ್ತಡವನ್ನು ಕೊಡುತ್ತದೆ. ಅನೇಕ ಕಾರ್ಬ್ಯುರೇಟರುಗಳು ಅರ್ಧ ಪೌಂಡಿನಲ್ಲಿಯೂ ತೃಪ್ತಿಪಡುವಂಥವು. ಇಲ್ಲದ ಪಂಪು ಕೆಡುವುದಿಲ್ಲ. ಆದಕಾರಣ ಮೊದಲ ಪ್ರಶ್ನೆ ಪಂಪಿನದಲ್ಲ, ತೊಟ್ಟಿ ಎಲ್ಲಿದೆ ಎಂಬುದು.

ಎರಡನೆಯ ಪ್ರಶ್ನೆ, ಪಂಪು ಉಣಿಸಬೇಕಾದ ಬಾಯಿ ಯಾವುದು ಎಂಬುದು. ಸಾಮಾನ್ಯ ಇಂಜಿನು ಪಂಪಿನಲ್ಲಿ ಒಂದು ತೆಳುವಾದ ಪೊರೆಯಿರುತ್ತದೆ. ಇಂಜಿನಿನ ಸನ್ನೆಕೋಲು ಅದನ್ನು ಕೆಳಕ್ಕೆ ಎಳೆದಾಗ ಪೆಟ್ರೋಲು ಒಳಬರುತ್ತದೆ. ಅನಂತರ ಒಂದು ಸ್ಪ್ರಿಂಗು ಪೊರೆಯನ್ನು ಮೇಲಕ್ಕೆ ತಳ್ಳಿ ಅದನ್ನು ಹೊರಗೆ ಕಳುಹಿಸುತ್ತದೆ. ಒತ್ತಡವನ್ನು ಗೊತ್ತುಮಾಡುವುದು ಈ ಸ್ಪ್ರಿಂಗೇ ಹೊರತು ಇಂಜಿನಿನ ವೇಗವಲ್ಲ. ಲೈಕಾಮಿಂಗ್ ಇಂಜಿನಿನ ಕಾರ್ಬ್ಯುರೇಟರಿಗೆ ಅರ್ಧದಿಂದ 8 ಪೌಂಡಿನವರೆಗೆ ಒತ್ತಡವಿರಬಹುದು. ಅದೇ ಸಂಸ್ಥೆಯ, ಇಂಧನವನ್ನು ಚಿಮ್ಮಿಸುವ ಇಂಜಿನುಗಳಿಗೆ 14 ಪೌಂಡಿಗಿಂತ ಕಡಿಮೆಯಾಗಕೂಡದು. ಹೆಚ್ಚು ಒತ್ತಡದ ಪಂಪು ಹೆಚ್ಚು ಕ್ಷೇಮವೆಂದು ಭಾವಿಸಿ ಎರಡನೆಯದನ್ನು ಮೊದಲನೆಯದಕ್ಕೆ ಕೂಡಿಸಿದರೆ, ಕಾರ್ಬ್ಯುರೇಟರಿನ ಸೂಜಿ ಮುಚ್ಚಲಾರದೆ ಪೆಟ್ರೋಲು ಉಕ್ಕಿ ಹರಿಯುತ್ತದೆ. ಇಂಜಿನು ಉಸಿರುಕಟ್ಟಿ ನಿಲ್ಲಬಹುದು, ಬೆಂಕಿಯೂ ಹತ್ತಬಹುದು.

ಮೂರನೆಯದು ಪೊರೆ ಹರಿದರೆ ಏನಾಗುವುದೆಂಬ ಪ್ರಶ್ನೆ. ಹರಿದ ಪೊರೆಯಿಂದ ಪೆಟ್ರೋಲು ಇಂಜಿನಿನ ಎಣ್ಣೆಯೊಳಕ್ಕೆ ಇಳಿದರೆ, ಎಣ್ಣೆ ನೀರಾಗಿ ಬೇರಿಂಗುಗಳು ಸವೆಯುತ್ತವೆ. ವಿಮಾನಕ್ಕೆಂದೇ ಮಾಡಿದ ಒಳ್ಳೆಯ ಪಂಪಿನಲ್ಲಿ ಎರಡು ಪೊರೆಗಳಿದ್ದು, ನಡುವೆ ಸೋರಿದ್ದನ್ನು ಹೊರಹಾಕುವ ಒಂದು ರಂಧ್ರವಿರುತ್ತದೆ. ಆ ರಂಧ್ರಕ್ಕೆ ಕೊಳವೆ ಜೋಡಿಸಿ, ಬಿಸಿಯಾದ ಹೊಗೆಕೊಳವೆಯಿಂದ ದೂರಕ್ಕೆ ಒಯ್ದು ವಿಮಾನದ ಹೊರಗೆ ಬಿಡತಕ್ಕದ್ದು. ನೋಡಲು ಒಂದೇ ತೆರನಾಗಿರುವ ಮೋಟಾರು ಕಾರಿನ ಪಂಪು ಅಗ್ಗವಾಗಿ ಸಿಗಬಹುದು. ಈ ಏರ್ಪಾಡು ಅದರಲ್ಲಿ ಇಲ್ಲದೆಯೂ ಇರಬಹುದು. ಮೋಟಾರು ಪೆಟ್ರೋಲನ್ನೇ ಉರಿಸುವುದಾದರೆ, ಅದರಲ್ಲಿ ಬೆರೆತಿರುವ ಎಥನಾಲನ್ನು ಪೊರೆಯೂ ರಬ್ಬರಿನ ಕೊಳವೆಯೂ ತಾಳುತ್ತವೆಯೇ ಎಂದು ವಿಚಾರಿಸಬೇಕು.

ಇನ್ನು ಆಸರೆಯ ಪಂಪು. ಅಘನಾಶಿನಿಯ ಮುಖದಲ್ಲಿರುವ ತದಡಿಯಂತಹ ಬಂದರುಗಳಲ್ಲಿ, ದೋಣಿಯ ಹಿಂಬದಿಗೆ ಕಟ್ಟುವ ಇಂಜಿನನ್ನು ಹೊರಡಿಸುವ ಮೊದಲು ಬೆಸ್ತರು ಇಂಧನದ ಕೊಳವೆಯ ನಡುವಣ ರಬ್ಬರು ಗುಂಡನ್ನು ಕೈಯಿಂದ ಒತ್ತುತ್ತಾರೆ. ಇಂಜಿನು ತಿರುಗುವವರೆಗೆ ಅದರ ಪಂಪು ನಡೆಯದು. ಅಲ್ಲಿಯವರೆಗೆ ಕೈಯೇ ಪಂಪು. ವಿಮಾನದಲ್ಲಿ ವಿದ್ಯುತ್ ಪಂಪು ಈ ಕೆಲಸವನ್ನು ಮಾಡುತ್ತದೆ. ಏರುವಾಗಲೂ ಇಳಿಯುವಾಗಲೂ ಕಾವಲಿರುತ್ತದೆ. ಇದನ್ನು ತೊಟ್ಟಿಯ ಬಳಿ, ತಗ್ಗಿನಲ್ಲಿ ಇಡಬೇಕು. ಬಿಸಿ ಇಂಜಿನಿನ ಪಕ್ಕದ ಪಂಪು ದೂರದ ತೊಟ್ಟಿಯಿಂದ ಹೀರಿದರೆ, ಒತ್ತಡ ತಗ್ಗಿದ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುತ್ತದೆ. ಆವಿ ತುಂಬಿದ ಪಂಪು ಇಂಧನವನ್ನು ಕಳುಹಿಸಲಾರದು. ಬೇಸಗೆಯ ಮಧ್ಯಾಹ್ನ ಸ್ವಲ್ಪ ಹೊತ್ತು ನಿಂತು ಮತ್ತೆ ಏರುವ ವಿಮಾನಕ್ಕೆ ಈ ಅಪಾಯ ಹೆಚ್ಚು. ತೊಟ್ಟಿಯ ಬಳಿಯ ಪಂಪು ಪೆಟ್ರೋಲನ್ನು ಹಿಂದಿನಿಂದ ನೂಕುವುದರಿಂದ ಆವಿಗೆ ಆಸ್ಪದ ಕಡಿಮೆ. ಇಂಜಿನು ಪಂಪು ಕೆಟ್ಟಾಗ, ಆಸರೆಯ ಪಂಪಿನ ಪೆಟ್ರೋಲು ಅದರ ಮೂಲಕ ಹಾದುಹೋಗಲು ದಾರಿಯಿರಬೇಕೆಂಬುದನ್ನೂ ಮರೆಯಬಾರದು.

ಕೆಲವರು ಇಂಜಿನು ಪಂಪನ್ನೇ ಬಿಟ್ಟಿದ್ದಾರೆ. ಬೆಂಗಳೂರಿನ ಅದೇ ಪ್ರಯೋಗಾಲಯದ ಹಂಸ 3 ವಿಮಾನದಲ್ಲಿರುವ ರೋಟಾಕ್ಸ್ 914 ಇಂಜಿನಿಗೆ ಎರಡು ವಿದ್ಯುತ್ ಪಂಪುಗಳೇ ಆಧಾರ. ಇದೂ ಸರಿಯಾದ ಮಾರ್ಗವೇ. ಆದರೆ ಆಗ ವಿದ್ಯುತ್ತಿನ ಏರ್ಪಾಡೇ ವಿಮಾನದ ಪ್ರಾಣವಾಗುತ್ತದೆ. ಇಂಜಿನು ಪಂಪಿನ ಹಿರಿಮೆಯೆಂದರೆ, ಬ್ಯಾಟರಿ ಸತ್ತರೂ ಇಂಜಿನು ತಿರುಗುವವರೆಗೆ ಅದು ದುಡಿಯುತ್ತದೆ.

ಕೊನೆಯ ಮಾತು ಪರೀಕ್ಷೆಯದು. ಏರುವಾಗ ಇರುವಂತೆ ವಿಮಾನದ ಮೂತಿಯನ್ನು ನೆಲದ ಮೇಲೆಯೇ ಎತ್ತಿ ನಿಲ್ಲಿಸಿ, ತೊಟ್ಟಿಯಲ್ಲಿ ಸ್ವಲ್ಪವೇ ಪೆಟ್ರೋಲಿಟ್ಟು, ಕಾರ್ಬ್ಯುರೇಟರಿನ ಬಳಿ ಕೊಳವೆಯನ್ನು ಬಿಚ್ಚಿ, ಪಂಪು ನಡೆಸಿ ಅಳೆಯಬೇಕು. ಏರುವ ಇಂಜಿನಿಗೆ ಬೇಕಾಗುವುದಕ್ಕಿಂತ ಪಂಪಿನಿಂದ ಕಾಲುಭಾಗ, ಗುರುತ್ವದಿಂದಾದರೆ ಅರ್ಧಭಾಗ ಹೆಚ್ಚು ಹರಿಯಬೇಕೆಂಬುದು ಅಂಗೀಕೃತ ನಿಯಮ. ಗಂಟೆಗೆ 27 ಲೀಟರು ಕುಡಿಯುವ 100 ಅಶ್ವಶಕ್ತಿಯ ಇಂಜಿನಿಗೆ ಪಂಪು ಸುಮಾರು 34 ಲೀಟರು, ಎಂದರೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕು ಕೊಡಬೇಕು. ಎರಡು ಪಂಪುಗಳನ್ನೂ ಬೇರೆಬೇರೆಯಾಗಿಯೇ ಅಳೆಯುವುದು ಅವಶ್ಯ. ಬಾವಿಯ ಪಂಪು ನಿಂತರೆ ಗಿಡ ಒಂದು ದಿನ ಬಾಡುತ್ತದೆ. ನೆಲ ಬಿಟ್ಟ ಮೇಲೆ ಇನ್ನೂರು ಅಡಿಯ ಎತ್ತರದಲ್ಲಿ ಈ ಪಂಪು ನಿಂತರೆ ಯೋಚಿಸಲು ಅರ್ಧ ನಿಮಿಷವೂ ಉಳಿಯುವುದಿಲ್ಲ. ಯೋಚನೆಯೆಲ್ಲ ಕಾರ್ಯಾಗಾರದಲ್ಲಿಯೇ ಮುಗಿದಿರಬೇಕು.