ಕಡತಕ್ಕೂ ಗಡುವು, ಕೋಪಕ್ಕೂ ಗಡುವು

ಬೀದರ್ ಜಿಲ್ಲೆಯ ಕೊಡಂಬಲದಂತಹ ಊರಿನ ರೈತನಿಗೆ ಸರ್ಕಾರವೆಂದರೆ ವಿಧಾನಸೌಧವಲ್ಲ. ನಾಡಕಚೇರಿಯ ಮೇಜಿನಾಚೆ ಕುಳಿತ ನೌಕರ. ಆತ ‘ಬರ್ರಿ, ಕೂಡ್ರಿ’ ಎಂದರೆ ಸರ್ಕಾರವೇ ಕೂರಲು ಹೇಳಿದಂತೆ. ಮುಖ ಗಂಟಿಕ್ಕಿದರೆ ಸರ್ಕಾರವೇ ಗದರಿದಂತೆ.

ಕರ್ನಾಟಕದ ‘ಸಕಾಲ’ ಕಾಯ್ದೆ 2012ರ ಏಪ್ರಿಲ್ 2ರಂದು ಜಾರಿಗೆ ಬಂದು, ಅರ್ಜಿಗಳಿಗೆ ದಿನಗಳ ಗಡುವು ಹಾಕಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವುಂಟು. ಆದರೆ ಕಾಯ್ದೆಯು ಎಣಿಸಬಲ್ಲುದು ಕಡತದ ದಿನಗಳನ್ನು. ಕಡತ ಹಿಡಿದವನ ಕೋಪದ ದಿನಗಳನ್ನಲ್ಲ.

ಆ ಎಣಿಕೆಯನ್ನು ಜಿನಾಗಮ ಮಾಡಿದೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರರು ರಚಿಸಿದ ‘ಗೊಮ್ಮಟಸಾರ’ವು ಕ್ರೋಧ, ಮಾನ, ಮಾಯೆ, ಲೋಭವೆಂಬ ಕಷಾಯಗಳನ್ನು ತೀವ್ರತೆಗೆ ತಕ್ಕಂತೆ ನಾಲ್ಕು ದರ್ಜೆಗಳಲ್ಲಿ ಅಳೆಯುತ್ತದೆ. ಅದು ಅರಸನ ಸೇವೆಯಲ್ಲಿದ್ದವನಿಗಾಗಿ ಹುಟ್ಟಿದ ಗ್ರಂಥವೆಂಬುದು ಗಮನಾರ್ಹ. ನೀರಿನ ಗೆರೆಯಂತಹ ಕೋಪದ ವಾಸನೆ ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷದೊಳಗೆ ಅಳಿಯುತ್ತದೆ. ಧೂಳಿನ ಗೆರೆಯಂತಹುದು ಒಂದು ಪಕ್ಷ, ನೆಲದ ಬಿರುಕಿನಂತಹುದು ಆರು ತಿಂಗಳು ಉಳಿಯುತ್ತದೆ. ಬಂಡೆಯ ಬಿರುಕಿನಂತಹುದು ಜನ್ಮಾಂತರಗಳಿಗೂ ಬೆನ್ನು ಬಿಡದು.

ಕಚೇರಿಗೆ ಇದನ್ನು ಅನ್ವಯಿಸಿ ನೋಡಬೇಕು. ಎದುರು ಮಾತನಾಡಿದ ಅರ್ಜಿದಾರನ ಮೇಲೆ ನೌಕರನಿಗೆ ಸಿಟ್ಟು ಬರುವುದು ಸಹಜ. ಮುಂದಿನವನು ಬರುವಷ್ಟರಲ್ಲಿ ಅದು ಅಳಿದರೆ ಯಾರಿಗೂ ನಷ್ಟವಿಲ್ಲ. ಹದಿನೈದು ದಿನ ಉಳಿದರೆ ಪಹಣಿಯ ತಿದ್ದುಪಡಿ ಕಪಾಟಿನ ತಳ ಸೇರುತ್ತದೆ. ಆರು ತಿಂಗಳಾದರೆ ಬಿತ್ತನೆಯ ಹಂಗಾಮೇ ದಾಟುತ್ತದೆ. ಮಾನವೂ ಹಾಗೆಯೇ: ಬೆತ್ತದಂತೆ ಬಾಗುವವನು ತೋರಿಸಿದ ತಪ್ಪನ್ನು ಅಲ್ಲೇ ತಿದ್ದುತ್ತಾನೆ, ಕಲ್ಲುಕಂಬದಂತಹವನು ತಾನು ಹಾಕಿದ ಸಹಿಯನ್ನೇ ಸಮರ್ಥಿಸುತ್ತಾನೆ. ಕಚೇರಿಯೊಳಗಿದ್ದೇ ‘ಸಾಹೇಬರಿಲ್ಲ, ನಾಳೆ ಬನ್ನಿ’ ಎನ್ನಿಸುವುದು ಮಾಯೆ. ಲೋಭದ ವಿವರಣೆ ಯಾರಿಗೂ ಬೇಕಿಲ್ಲ.

ಗ್ರಂಥಕ್ಕೆ ಕಾರಣನಾದ ಚಾವುಂಡರಾಯನಿಗೂ ಮಾನ ಕಾಡಿತೆಂದು ಶ್ರವಣಬೆಳಗೊಳದ ಐತಿಹ್ಯ ಹೇಳುತ್ತದೆ. ತಾನೇ ಮಾಡಿಸಿದ ಬಾಹುಬಲಿಗೆ ಆತ ಕೊಡಗಟ್ಟಲೆ ಹಾಲೆರೆದರೂ ಅದು ಪಾದ ಮುಟ್ಟಲಿಲ್ಲ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮಾತ್ರ ಮಸ್ತಕದಿಂದ ಪಾದದವರೆಗೂ ಇಳಿಯಿತು. ದೊಡ್ಡ ಪದವಿಯವನ ಕಥೆಯನ್ನು ಅವನ ಸಾಧನೆಯ ಸ್ಥಳದಲ್ಲಿಯೇ ಹೀಗೆ ಹೇಳಿಕೊಂಡು ಬಂದಿರುವುದು ಈ ಪರಂಪರೆಯ ಧೈರ್ಯ. ವಿಂಧ್ಯಗಿರಿಯಲ್ಲಿ ಬಾಹುಬಲಿಗೆ ಎದುರಾಗಿ ಗುಳ್ಳಕಾಯಜ್ಜಿ ಕೈಯಲ್ಲಿ ಆ ಪುಟ್ಟ ಕಾಯಿಯನ್ನು ಹಿಡಿದು ಇಂದಿಗೂ ನಿಂತಿದ್ದಾಳೆ.