ಮುಹಮ್ಮಡನ್ ಸ್ಪೋರ್ಟಿಂಗ್: ಬಿತ್ತಿದವರಿಗೆ ಮಾತ್ರ ನಿರೀಕ್ಷೆ

ಮದ್ರಸ ಬಿಟ್ಟ ಮೇಲೆ ನಮ್ಮ ಮಕ್ಕಳ ಮಾತು ಕೇಳಬೇಕು. ಒಬ್ಬನಿಗೆ ಮೆಸ್ಸಿ, ಇನ್ನೊಬ್ಬನಿಗೆ ರೊನಾಲ್ಡೊ. ಅಂಗಿಯ ಬೆನ್ನಲ್ಲಿ 10 ಇಲ್ಲವೇ 7. ಯುರೋಪಿನ ಕ್ಲಬ್‌ಗಳ ಚರಿತ್ರೆ ಎಲ್ಲ ಬಾಯಿಪಾಠ. "ಕೋಲ್ಕತಾದ ಮುಹಮ್ಮಡನ್ ಸ್ಪೋರ್ಟಿಂಗ್ ಗೊತ್ತುಂಟಾ ಮೋನೆ?" ಎಂದು ಮೊನ್ನೆ ಕೇಳಿದೆವು. ಎಲ್ಲರೂ ಮುಖ ಮುಖ ನೋಡಿದರು. ಒಬ್ಬ ಮಾತ್ರ, "ಐಎಸ್‌ಎಲ್‌ನಲ್ಲಿ ಲಾಸ್ಟ್ ಬಂದ ಟೀಮ್ ಅಲ್ವಾ ಉಸ್ತಾದೇ? ಅದಕ್ಕೆ ಯಾರು ಸಪೋರ್ಟ್ ಮಾಡ್ತಾರೆ?" ಎಂದ.

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಕಪ್ಪು-ಬಿಳಿ ಜೆರ್ಸಿಯ ಹಿಂದೆ ಎಷ್ಟೊಂದು ಜನರ ನಿರೀಕ್ಷೆ ಉಂಟು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತಪ್ಪು ನಮ್ಮದೇ.

ಮಳೆಯಲ್ಲಿ ಬೂಟು

ಕ್ಲಬ್ ಹುಟ್ಟಿದ್ದು 1891ರಲ್ಲಿ. ಆಗಿನ ಕಲ್ಕತ್ತಾ ಲೀಗ್ ಎಂದರೆ ಬ್ರಿಟಿಷರ ತಂಡಗಳದ್ದೇ ಕಾರುಬಾರು. 1934ರಲ್ಲಿ ಆ ಲೀಗ್ ಗೆದ್ದ ಮೊದಲ ಭಾರತೀಯ ತಂಡ ಮುಹಮ್ಮಡನ್. ಒಮ್ಮೆ ಅಲ್ಲ, 1938ರ ತನಕ ಸತತ ಐದು ವರ್ಷ. 1936ರಲ್ಲಿ ಐಎಫ್‌ಎ ಶೀಲ್ಡ್ ಕೂಡ ಬಂತು. 1940ರಲ್ಲಿ ದಿಲ್ಲಿಯಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಡುರಾಂಡ್ ಕಪ್ ಎತ್ತಿದ ಮೊದಲ ಭಾರತೀಯ ತಂಡವೂ ಇದೇ. 1960ರಲ್ಲಿ ಢಾಕಾದಲ್ಲಿ ಆಗಾ ಖಾನ್ ಗೋಲ್ಡ್ ಕಪ್ ಗೆದ್ದಿತು.

ಇದೆಲ್ಲ ಬರೀ ದುಆದಿಂದ ಆದದ್ದಲ್ಲ. ಆಗ ನಮ್ಮವರು ಬರಿಗಾಲಲ್ಲಿ ಆಡುತ್ತಿದ್ದರು. ಒಣಗಿದ ನೆಲದಲ್ಲಿ ಅದು ಸರಿ. ಮಳೆ ಬಂದರೆ ಕಾಲು ಜಾರುತ್ತಿತ್ತು, ಬೂಟು ಹಾಕಿದ ಬ್ರಿಟಿಷರು ಗೆಲ್ಲುತ್ತಿದ್ದರು. ಮುಹಮ್ಮಡನ್ ತಂಡದವರು ಇದನ್ನು ನೋಡಿ ಒದ್ದೆ ನೆಲಕ್ಕೆ ಬೂಟು ಹಾಕಿಕೊಂಡರು. ಬೆಂಗಳೂರು ಸಹಿತ ದೂರದ ಊರುಗಳಿಂದ ಒಳ್ಳೆಯ ಆಟಗಾರರನ್ನು ಹುಡುಕಿ ತಂದರು. ಗೆಲುವು ಆಮೇಲೆ ಬಂತು.

ನಲವತ್ತು ವರ್ಷ ಕಾದವರು

ನಂತರ ಕ್ಲಬ್ ಮೆಲ್ಲಮೆಲ್ಲನೆ ಕೆಳಗಿಳಿಯಿತು. 1981ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೇಲೆ ಮತ್ತೆ ಗೆದ್ದದ್ದು 2021ರಲ್ಲಿ. ನಡುವೆ ನಲವತ್ತು ವರ್ಷ! ಬಾಪನ ಕೈ ಹಿಡಿದು ಮೈದಾನಕ್ಕೆ ಹೋದ ಹುಡುಗ, ಮುಂದಿನ ಗೆಲುವಿಗೆ ತಾನೇ ಮಗನ ಕೈ ಹಿಡಿದು ಹೋಗುವಷ್ಟು ಕಾಲ. ಹಾಗೆ ಕಾದವರಿಗೆ 2024ರ ಏಪ್ರಿಲ್‌ನಲ್ಲಿ ಶಿಲ್ಲಾಂಗ್‌ನಿಂದ ಸಿಹಿ ಸುದ್ದಿ ಬಂತು. ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಅರ್ಹತೆ. ಕೋಚ್ ರಷ್ಯಾದವರು, ಆಟಗಾರರಲ್ಲಿ ಅರ್ಜೆಂಟೀನಾದವರು, ಮಿಝೋರಾಂನ ಹುಡುಗರೂ ಇದ್ದರು. ಹೆಸರು ಮುಹಮ್ಮಡನ್ ಆದರೂ ಬಾಗಿಲು ಎಲ್ಲರಿಗೂ ತೆರೆದಿತ್ತು.

ಆದರೆ 2024-25ರ ಐಎಸ್‌ಎಲ್‌ನಲ್ಲಿ 13 ತಂಡಗಳಲ್ಲಿ ಕೊನೆಯ ಸ್ಥಾನ. ಸೋಲಿಗಿಂತ ದೊಡ್ಡ ನೋವು ಬೇರೆ ಇತ್ತು. ಸಂಬಳ ಬಾಕಿಯಾಗಿ ಆಟಗಾರರು ಅಭ್ಯಾಸಕ್ಕೆ ಇಳಿಯದ ದಿನಗಳೂ ಬಂದವು. ಕೋಚ್ ನಡುವೆಯೇ ಬಿಟ್ಟುಹೋದರು. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಮಕ್ಕಳಿಗೆ ಕಲಿಸುವವರು ನಾವು. ಆ ಹೆಸರಿನ ಕ್ಲಬ್ಬಿನಲ್ಲೇ ಹೀಗಾದರೆ ನಾಚಿಕೆ ಆಗದಿರುತ್ತದೆಯೇ? ಆ ಕಷ್ಟದ ನಡುವೆಯೂ ಇದೇ ಆಟಗಾರರು 2025ರ ಜನವರಿಯಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯನ್ನು 1-0ರಿಂದ ಸೋಲಿಸಿದರು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಕಾಸಿಮೊವ್ ಹೊಡೆದ ಫ್ರೀ ಕಿಕ್ ಅದು. ಅವರ ಕಡೆಯಿಂದ ಕೆಲಸ ನಿಂತಿರಲಿಲ್ಲ.

ರಜಾಅ್ ಯಾವುದು, ತಮನ್ನಿ ಯಾವುದು?

ಇಮಾಮ್ ಗಝ್ಝಾಲಿಯವರು ನಿರೀಕ್ಷೆಯ ಬಗ್ಗೆ ಹೇಳುವಾಗ ರೈತನ ಉದಾಹರಣೆ ಕೊಡುತ್ತಾರೆ. ಒಳ್ಳೆಯ ನೆಲದಲ್ಲಿ ಒಳ್ಳೆಯ ಬೀಜ ಬಿತ್ತಿ, ನೀರು ಕೊಟ್ಟು, ಕಳೆ ಕಿತ್ತು, ಆಮೇಲೆ ಅಲ್ಲಾಹನ ಅನುಗ್ರಹಕ್ಕೆ ಕಾಯುವುದು ರಜಾಅ್, ಅಂದರೆ ನಿಜವಾದ ನಿರೀಕ್ಷೆ. ಬಿತ್ತಿ ನೀರು ಕೊಡದೆ ಮಳೆಗೆ ಕಾಯುವುದು ತಮನ್ನಿ, ಬರೀ ಆಸೆ. ಉಪ್ಪು ನೆಲಕ್ಕೆ ಬೀಜ ಚೆಲ್ಲಿ ಕೂರುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ.

ಕ್ಲಬ್ಬಿನ ಅಭಿಮಾನಿಗೂ ಇದೇ ಅನ್ವಯ. ಅವನಿಗೆ ಪ್ರತಿ ವರ್ಷ ಕಪ್ ಬೇಕೆಂದಿಲ್ಲ. ಕಲ್ಕತ್ತಾ ಲೀಗ್ ಗೆಲುವಿಲ್ಲದೆ ನಲವತ್ತು ವರ್ಷ ನಿಂತವನು ಅವನು. ಒಳಗೆ ಯಾರೋ ಬಿತ್ತುತ್ತಿದ್ದಾರೆ ಎಂಬ ಗುರುತು ಬೇಕು ಅವನಿಗೆ. ಸಂಬಳ ಸಮಯಕ್ಕೆ ಬರಬೇಕು, ಲೆಕ್ಕ ಬೆಳಕಿಗೆ ಬರಬೇಕು, ಎಳೆಯ ಹುಡುಗರ ತಂಡ ಬೆಳೆಯಬೇಕು. ಇಷ್ಟು ಕಂಡರೆ ಕೊನೆಯ ಸ್ಥಾನದಲ್ಲೂ ಅವನು ಬಿಟ್ಟುಹೋಗುವುದಿಲ್ಲ. ಹಳೆಯ ಐದು ಲೀಗ್‌ಗಳ ಕತೆ ಹೇಳಿಕೊಂಡೇ ಕೂತರೆ ಅದು ತಮನ್ನಿ ಮಾತ್ರ. ಅಭಿಮಾನಿಯದ್ದೂ ಒಂದು ಪಾಲು ಉಂಟು. ಗೆದ್ದಾಗ ಪಟಾಕಿ ಹೊಡೆದು, ಸೋತಾಗ ಬೈದು ಮನೆಗೆ ಹೋದರೆ ಸಾಲದು. ಮೈದಾನಕ್ಕೆ ಹೋಗಬೇಕು, ಮರ್ಯಾದೆಯಿಂದಲೇ ಲೆಕ್ಕ ಕೇಳಬೇಕು.

ನಮ್ಮ ಊರಿನ ಕ್ಲಬ್‌ಗಳಿಗೂ, ಜಮಾಅತ್ ಕಮಿಟಿಗಳಿಗೂ ಈ ಮಾತು ಹೊರತಲ್ಲ. ಹಿರಿಯರು ಕಟ್ಟಿದ್ದನ್ನು ಹೊಗಳುವುದರಲ್ಲೇ ವರ್ಷದ ಮಹಾಸಭೆ ಮುಗಿದರೆ ಮಕ್ಕಳಿಗೆ ಉಳಿಯುವುದು ಏನು?

ಆ ಹುಡುಗನಿಗೆ ಇಷ್ಟೇ ಹೇಳಿದೆವು: "ಲಾಸ್ಟ್ ಬಂದದ್ದು ಹೌದು ಮೋನೆ. ಮಳೆಗೆ ಬೂಟು ಹಾಕಲು ಕಲಿತ ತಂಡ ಅದು. ಮತ್ತೆ ಕಲಿಯುತ್ತದೆ, ಇನ್‌ಶಾ ಅಲ್ಲಾಹ್." ಅವನು ಸ್ವಲ್ಪ ಯೋಚಿಸಿ, "ಅವರ ಮುಂದಿನ ಮ್ಯಾಚ್ ಯಾವಾಗ ಉಸ್ತಾದೇ?" ಎಂದು ಕೇಳಿದ.